ಪ್ರತಿ ಕಾರ್ಡಿನ ಮೊದಲ ಚಿತ್ರ

ಅಪ್ಪಾ,

ಕೆಮ್ಮು ಹೋಗಿದೆ, ಆರಾಮಾಗಿದ್ದೇನೆ. ಈ ಪ್ರವಾಸಕ್ಕೆ ಹೊರಡುವ ಮುಂಚೆ, ಕ್ಯಾಮೆರಾಗೆ ದೊಡ್ಡದೊಂದು ಮೆಮೊರಿ ಕಾರ್ಡ್ ಸಾಕೆಂದು ನಾನು ಹಟ ಹಿಡಿದಾಗ, "ಎಲ್ಲಾ ಒಂದರಲ್ಲೇ ತುಂಬಿ, ಅದು ಕೈಕೊಟ್ರೆ ಏನಮ್ಮಾ ಮಾಡ್ತೀಯ?" ಎಂದು ಚಿಕ್ಕ ಚಿಕ್ಕವನ್ನೇ ಆರಿಸಿದಿರಿ. ನಿನ್ನೆ ಒಂದು ಕಾರ್ಡ್ ಜೇಬಿನಲ್ಲೇ ಉಳಿದು, ಬಟ್ಟೆಯ ಜೊತೆ ಒಗೆಸಿಕೊಂಡು ಹಾಳಾಯಿತು. ಹೋದದ್ದು, ಹಡಗು ಬಂದಾಗ ಎರಡು ಭಾಗವಾಗಿ ಮೇಲೇಳುವ ಸೇತುವೆಯ ಚಿತ್ರಗಳು ಮಾತ್ರ.

ಫೋಟೋ ಸ್ಟುಡಿಯೋ ಮುಚ್ಚಿದರೂ ನೀವು ಹಳೆಯ ಅಭ್ಯಾಸ ಬಿಟ್ಟಿಲ್ಲ. ಪರೀಕ್ಷೆಗೆಂದು ಪ್ರತಿ ಕಾರ್ಡಿನಲ್ಲೂ ಒಂದೊಂದು ಚಿತ್ರ ತೆಗೆದಿದ್ದೀರಿ. ಒಂದರಲ್ಲಿ ಹೆರಳು ಹಾಕಿಕೊಳ್ಳುವ ಅಮ್ಮ, ಇನ್ನೊಂದರಲ್ಲಿ ಸೋಫಾ ಪರಚುವ ಬೆಕ್ಕು. ನೀವು ಮಾತ್ರ ಎಲ್ಲೂ ಇರಲಿಲ್ಲ. ಇವತ್ತು ಕೊನೆಯ ಕಾರ್ಡ್ ಹಾಕಿದೆ. ಬೀರುವಿನ ಕನ್ನಡಿಯಲ್ಲಿ, ಕ್ಯಾಮೆರಾದ ಹಿಂದೆ ಒಂದು ಕಣ್ಣು ಮುಚ್ಚಿಕೊಂಡು, ನೀವು.

ಆ ಕಾರ್ಡನ್ನು ಬಳಸದೆ ಹಾಗೇ ಹೊರತೆಗೆದು ಪರ್ಸಿನಲ್ಲಿಟ್ಟುಕೊಂಡೆ. ಅಂಗಡಿ ಮುಚ್ಚುವ ಮುಂಚೆ ಬೇರೆ ಕಾರ್ಡ್ ಕೊಳ್ಳಬೇಕು. ಚಿಕ್ಕದನ್ನೇ ಕೊಳ್ಳುತ್ತೇನೆ.

ನಿಮ್ಮ ಮಗಳು