ಗೇರುಗುಡ್ಡೆಯ ಮಣ್ಣು

ಹೈದರಾಬಾದ್
೨೨ ಸೆಪ್ಟೆಂಬರ್ ೨೦೨೪, ಭಾನುವಾರ

ಪ್ರೀತಿಯ ಉಲ್ಲಾಸ,

ನಿನ್ನ ಭವಿತಕ್ಕ ನಿನ್ನ ಮುಂದೆ ಕಿವಿ ಹಿಡಿದುಕೊಂಡು ನಿಂತಿದ್ದಾಳೆ ಎಂದುಕೋ. ಚೌತಿಗೆ ಮೊದಲೇ ಕಾಗದ ಹಾಕುತ್ತೇನೆ ಎಂದಿದ್ದೆ. ಚೌತಿ ಕಳೆದು, ಗಣಪತಿ ನೀರಿಗೆ ಹೋಗಿಯೂ ಆಯಿತು. ಪೋಸ್ಟಿನವರ ಬೈಕಿನ ಸದ್ದು ಕೇಳಿದಾಗಲೆಲ್ಲ ನೀನು ಬಾಗಿಲಿನ ಕಡೆ ಕೈ ತೋರಿಸುತ್ತಿದ್ದೆಯಂತೆ, ಅವ್ವ ಹೇಳಿದಳು. ಫೋನಿನಲ್ಲಿ ಮಾತನಾಡೋಣವೆಂದರೆ ನೀನು ನನ್ನನ್ನು ಫೋನಿನ ಹಿಂದೆ ಹುಡುಕುತ್ತೀಯ, ಸಿಗದಿದ್ದರೆ ಅಳುತ್ತೀಯ. ಆದ್ದರಿಂದ ಕಾಗದವೇ ಸರಿ. ಎಂದಿನ ಹಾಗೆ ಅವ್ವ ಬೀಡಿಯ ಗೆರಸೆ ಬದಿಗಿಟ್ಟು ಓದುತ್ತಾಳೆ, ನೀನು ಕೇಳು. ಲಕೋಟೆ ನಿನ್ನದು, ಹರಿದರೂ ಅಡ್ಡಿಯಿಲ್ಲ.

ನಾನು ಚೆನ್ನಾಗಿದ್ದೇನೆ. ಇಲ್ಲಿಯ ಊಟಕ್ಕೆ ಖಾರ ಹೆಚ್ಚು. ಕುಂಬ್ರದ ಮನೆಯಿಂದ ತಂದ ಉಪ್ಪಿನಕಾಯಿ ಮುಗಿದಿದೆ. ಇದನ್ನು ಅವ್ವನಿಗಾಗಿಯೇ ಬರೆಯುತ್ತಿದ್ದೇನೆ.

ಈಗ ನಿನ್ನ ಚೀಲಗಳ ಸುದ್ದಿ. ಹೋದ ವರ್ಷ ದಸರಾ ರಜೆಯಲ್ಲಿ ಅವ್ವ ಹಳೆಯ ಸೊಳ್ಳೆಪರದೆ ಕತ್ತರಿಸಿ ಅಂಗೈಯಗಲದ ಚೀಲ ಹೊಲಿದದ್ದು ನೆನಪಿದೆಯಲ್ಲ? ನೀನು ಅವುಗಳಿಗೆ ಒಣಗಿದ ಗೇರಿನ ಎಲೆ ತುಂಬಿಸುತ್ತಿದ್ದೆ. ನಡುನಡುವೆ ಒಂದೊಂದು ಬಾಯಿಗೂ ಹೋಗುತ್ತಿತ್ತು. ಪಕ್ಕದ ಮನೆಯ ಕದೀಜಮ್ಮ ಇಣುಕಿ, "ಎಂತ ಭವಿತಾ, ಈಗ ಎಲೆಗೂ ಅಂಗಿ ಹೊಲಿಯುದಾ?" ಎಂದು ನಕ್ಕದ್ದಕ್ಕೆ ನೀನೂ ಕೆಮ್ಮು ಬರುವಷ್ಟು ನಕ್ಕೆ. ಆ ಚೀಲಗಳನ್ನು ನಾನು ಮತ್ತು ನನ್ನ ಜೊತೆ ಕೆಲಸ ಮಾಡುವ ಚಿನ್ಮಯ ಕಡಬದ ಆಚೆಯ ಗೇರುಗುಡ್ಡೆಯಲ್ಲಿ ಹೂತು ಬಂದೆವು. ಎಲೆ ಕೊಳೆತರೆ ಆ ಮಣ್ಣಿನಲ್ಲಿ ಜೀವ ಇದೆ ಎಂದು ಅರ್ಥ, ಹಾಗೇ ಉಳಿದರೆ ಇಲ್ಲವೆಂದು.

ಇಪ್ಪತ್ತೈದು ವರ್ಷಗಳ ಹಿಂದೆ, ನೀನು ಹುಟ್ಟುವಾಗ, ನಾವು ಆ ಗುಡ್ಡೆಯ ಬುಡದಲ್ಲೇ ಇದ್ದೆವು. ಗೇರು ಹೂ ಬಿಡುವ ಕಾಲದಲ್ಲಿ ಹೆಲಿಕಾಪ್ಟರ್ ಬಂದು ಎಂಡೋಸಲ್ಫಾನ್ ಸುರಿಯುತ್ತಿತ್ತು. ಅದು ಗೇರಿನ ಚಿಗುರು, ಹೂ ಹೀರುವ ಸೊಳ್ಳೆಹುಳವನ್ನು ಕೊಲ್ಲುವ ಔಷಧಿ ಎನ್ನುತ್ತಿದ್ದರು. ನಾವು ಮಕ್ಕಳು ಅಂಗಳಕ್ಕೆ ಓಡಿ ಕೈ ಬೀಸುತ್ತಿದ್ದೆವು. ಒಂದೊಂದು ಸಲ ಅದು ಎಷ್ಟು ಕೆಳಗೆ ಬರುತ್ತಿತ್ತೆಂದರೆ ಒಳಗೆ ಕೂತವನ ಕನ್ನಡಕ ಕಾಣುತ್ತಿತ್ತು.

ಬದುಕುವುದೇ ಕಷ್ಟವಾದ ಜಾಗಗಳಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಹೇಗೆ ಬಾಳುತ್ತವೆ, ಸತ್ತದ್ದನ್ನು ಹೇಗೆ ಮಣ್ಣು ಮಾಡುತ್ತವೆ ಎಂದು ನೋಡುವುದು ನಮ್ಮ ತಂಡದ ಕೆಲಸ. ಒಬ್ಬರು ಲಡಾಖಿನ ಹಿಮ ಆರಿಸಿಕೊಂಡರು, ಇನ್ನೊಬ್ಬರು ಕಛ್‌ನ ಉಪ್ಪುನೆಲ. ನಾನು ಈ ಗುಡ್ಡೆಯನ್ನು ಕೇಳಿ ಪಡೆದೆ. "ಅಲ್ಲಿ ಅಂಥ ಕಷ್ಟ ಏನಿದೆ?" ಎಂದು ಇಲ್ಲಿ ಕೇಳಿದರು. ಏಪ್ರಿಲಿನಲ್ಲಿ ಅಲ್ಲಿಯ ಮುರಕಲ್ಲಿನ ಮೇಲೆ ಬರಿಗಾಲಿಡಲಾಗುವುದಿಲ್ಲ, ಜುಲೈನಲ್ಲಿ ಮೇಲಿನ ಮಣ್ಣೆಲ್ಲ ತೊಳೆದುಹೋಗುತ್ತದೆ, ಇವೆರಡರ ಮೇಲೆ ವರ್ಷಗಟ್ಟಲೆ ವಿಷ ಬಿದ್ದಿದೆ ಎಂದೆ.

ಜುಲೈನಲ್ಲಿ ಚೀಲ ಅಗೆಯಲು ಹೋದ ದಿನ ನಿನಗೆ ಜೀಪಿನ ಹಬ್ಬ. ಪ್ರತಿ ಗುಂಡಿಗೂ ನೀನು ಕೇಕೆ ಹಾಕುತ್ತಿದ್ದೆ. ಜೀಪು ಓಡಿಸುವ ಪೋಕರ್ ನಿನಗಾಗಿಯೇ ಎರಡು ಗುಂಡಿಗಳ ಮೇಲೆ ಬೇಕೆಂದೇ ಹಾರಿಸಿದರು. "ಮಣ್ಣು ಎಲ್ಲ ಕಡೆ ಉಂಟಲ್ಲ ಮಾರಾಯ್ರೆ, ಈ ಮಳೆಗೆ ಇಷ್ಟು ಮೇಲೆ ಹತ್ತುದು ಎಂತಕ್ಕೆ?" ಎಂದು ದಾರಿಯುದ್ದಕ್ಕೂ ಗೊಣಗಿದರೂ ಕೊನೆಗೆ ನಿನ್ನನ್ನು ಮಗುವಿನ ಹಾಗೆ ಹೆಗಲಿಗೆ ಹಾಕಿಕೊಂಡು ಹತ್ತಿದವರು ಅವರೇ.

ಅವ್ವ ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಆ ಊರು ಬಿಟ್ಟ ಮೇಲೆ ಅವಳು ಅತ್ತ ಕಾಲಿಟ್ಟವಳಲ್ಲ. ಹೊರಡುವ ಹೊತ್ತಿಗೆ ಕೊಡೆ ಹಿಡಿದು ಬಂದು ಜೀಪಿನಲ್ಲಿ ಕೂತುಬಿಟ್ಟಳು. ಜಾರುತ್ತದೆ, ಬೇಡ ಎಂದದ್ದಕ್ಕೆ, "ನಾನು ಆ ಗುಡ್ಡೆಯಲ್ಲಿ ಹುಲ್ಲು ಕೊಯ್ದವಳು. ನನಗೆ ಜಾರುದು ಹೇಳಿ ಕೊಡ್ಬೇಡ" ಎಂದಳು.

ಮೊದಲ ಚೀಲ ಬಿಚ್ಚಿದಾಗ ಎಲೆ ಇರಲಿಲ್ಲ, ಉಲ್ಲಾಸ. ಎಲೆಯ ನರಗಳು ಮಾತ್ರ ಉಳಿದಿದ್ದವು, ಅವುಗಳ ನಡುವೆ ಬಿಳಿ ನೂಲಿನಂಥ ಶಿಲೀಂಧ್ರ, ಮುಷ್ಟಿಯಷ್ಟು ಕಪ್ಪು ಮಣ್ಣು. ಉಳಿದ ಚೀಲಗಳಲ್ಲೂ ಹಾಗೆಯೇ. ಹೋಲಿಸಿ ನೋಡಲೆಂದು ವಿಷ ಬೀಳದ ಎದುರಿನ ಗುಡ್ಡೆಯಲ್ಲಿ ಹೂತಿದ್ದ ಚೀಲಗಳಿಗೂ ಇವಕ್ಕೂ ಹೆಚ್ಚು ವ್ಯತ್ಯಾಸವೇ ಕಾಣಲಿಲ್ಲ. ನೀನು ಆ ಮಣ್ಣನ್ನು ಮೂಗಿಗೆ ಹಿಡಿದು ಮೂಸಿದೆ, ಇನ್ನೊಂದು ಸಲ ಮೂಸಿದೆ, ಆಮೇಲೆ ಚಿನ್ಮಯನ ಕೆನ್ನೆಗೆ ಬಳಿದೆ. ಅವನು ಊಟದವರೆಗೂ ತೊಳೆದುಕೊಳ್ಳಲಿಲ್ಲ.

ಮಣ್ಣನ್ನು ಇಲ್ಲಿಗೆ ತಂದು ಪರೀಕ್ಷೆ ಮಾಡಿದೆವು. ಅದರಲ್ಲಿದ್ದ ಸೂಕ್ಷ್ಮಜೀವಿಗಳನ್ನು ಸಣ್ಣ ಗಾಜಿನ ತಟ್ಟೆಗಳಲ್ಲಿಟ್ಟು ಬೇರೆ ಯಾವ ಆಹಾರವನ್ನೂ ಕೊಡದೆ ಅದೇ ವಿಷವನ್ನು ಬಡಿಸಿದೆವು. ಸಾಯುತ್ತವೆ ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ಚಿನ್ಮಯ ಓಡಿಬಂದ. ಅವನೂ ನಮ್ಮ ಪುತ್ತೂರಿನ ಕಡೆಯವನೇ, ಖುಷಿಯಾದರೆ ಊರಿನ ಮಾತೇ ಬರುತ್ತದೆ: "ಭವಿತಾ, ಇವು ತಿಂತಾ ಉಂಟು ಮಾರಾಯ್ತಿ! ತಿಂದು ಬೆಳೀತಾ ಉಂಟು!" ನಾವು ಅಗೆದ ಯಾವ ಕಡೆಯ ಮಣ್ಣಿನಲ್ಲೂ ನಮ್ಮ ಯಂತ್ರಕ್ಕೆ ಕಾಣುವಷ್ಟು ವಿಷ ಉಳಿದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ನಿರ್ದೇಶಕರು ಸಿಹಿ ತರಿಸಿದರು.

ನೀನು ಮಾತ್ರೆ ಉಗುಳಬೇಡ. ಕದೀಜಮ್ಮನ ತಲೆಯ ಬಟ್ಟೆ ಎಳೆಯಬೇಡ, ಪಾಪ, ನೀನು ಮಲಗಿದಾಗಲೂ ಅವರು ನಿನ್ನ ಬದಿಯಲ್ಲೇ ಕೂತು ಬೀಡಿ ಕಟ್ಟುವವರು. ದೀಪಾವಳಿಗೆ ಬರುತ್ತೇನೆ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ನಿದ್ದೆ ಚೆನ್ನಾಗಿ ಬರಲಿ, ನಗು ಕಡಿಮೆಯಾಗದಿರಲಿ.

ನಿನ್ನ ಅಕ್ಕ,
ಭವಿತಾ

ಮರೆತ ಮಾತು: ಅವ್ವ, ಇಲ್ಲಿಂದ ಮುಂದಕ್ಕೆ ಜೋರಾಗಿ ಓದಬೇಡ. ಅವನಿಗೆ ಅರ್ಥವಾಗುವುದಿಲ್ಲ ಎಂದು ನಾವು ಅಂದುಕೊಂಡದ್ದು ಬಹಳಷ್ಟು ಅವನಿಗೆ ಅರ್ಥವಾಗುತ್ತದೆ.

ಗುಡ್ಡೆಯ ಮೇಲಿನ ಆ ಹಳೆಯ, ಮುಚ್ಚಳವಿಲ್ಲದ ಸಿಮೆಂಟಿನ ನೀರಿನ ಟಾಂಕಿಯ ಹತ್ತಿರ ನೀನು ನನ್ನನ್ನು ಕೇಳಿದೆ: "ನಾನು ಅವತ್ತು ಇದರ ನೀರು ಕುಡಿದದ್ದಕ್ಕಾ ಅವ ಹೀಗಾದ್ದು?" ನಾನು ಕೇಳಿಸದವಳ ಹಾಗೆ ಚೀಲಗಳ ಕಡೆ ಮುಖ ತಿರುಗಿಸಿದೆ.

ಆ ಪ್ರಶ್ನೆ ನನಗೆ ಹೊಸದಲ್ಲ. ಹೆಲಿಕಾಪ್ಟರ್ ಬಂದುಹೋದ ಮಾರನೆಯ ದಿನ, ಅವನು ಹೊಟ್ಟೆಯಲ್ಲಿರುವಾಗ, ನೀನು ಹುಲ್ಲಿನ ಹೊರೆ ಇಳಿಸಿ ಆ ಟಾಂಕಿಯಿಂದ ನೀರು ಕುಡಿದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಸಾಯುವವರೆಗೂ ನಿನ್ನನ್ನು ಬಿಡಲಿಲ್ಲ: "ಹೆಲಿಕಾಪ್ಟರ್ ಬರ್ತದೆ, ನೀರು ಮುಚ್ಚಿಡಿ ಅಂತ ಮೈಕಿನಲ್ಲಿ ಹೇಳಿದ್ದು ನಿನಗೊಬ್ಬಳಿಗೆ ಕೇಳ್ಲಿಲ್ವಾ?" ನೀನು ಒಂದು ದಿನವೂ ಎದುರಾಡಲಿಲ್ಲ. ನಾನು ಒಳಗಿನ ಕೋಣೆಯಲ್ಲಿ ಪುಸ್ತಕ ಹಿಡಿದು ಕೇಳುತ್ತಿದ್ದೆ. ಮಣ್ಣಿನ ವಿಜ್ಞಾನ ಯಾಕೆ ಓದಿದೆ ಎಂದು ಎಷ್ಟೋ ಜನ ಕೇಳಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಿದ್ದೇನೆ. ನಿಜವಾದದ್ದು ಇದು: ನಿನ್ನ ಪರವಾಗಿ ಅಜ್ಜಿಗೆ ಒಂದು ಉತ್ತರ ತರಬೇಕಿತ್ತು.

ಆ ದಿನ ಯಾರಿಗೂ ಹೇಳದೆ ಟಾಂಕಿಯ ಅಡಿಯ ಕೆಸರನ್ನೂ ತಂದೆ. ನಮ್ಮ ಯೋಜನೆಯಲ್ಲಿ ಅದು ಇರಲಿಲ್ಲ. ಪರೀಕ್ಷಿಸಿದೆ, ನಂಬದೆ ಮತ್ತೊಮ್ಮೆ ಪರೀಕ್ಷಿಸಿದೆ. ಏನೂ ಇಲ್ಲ. ಅಂದರೆ ಅವತ್ತು ಇರಲಿಲ್ಲ ಎಂದಲ್ಲ, ಅವ್ವ. ಇದ್ದದ್ದನ್ನು ಇಷ್ಟು ವರ್ಷಗಳಲ್ಲಿ ಆ ಸೂಕ್ಷ್ಮಜೀವಿಗಳು ತಿಂದು ಮುಗಿಸಿರಬಹುದು. ಗುಡ್ಡೆಗೆ ಗುಣವಾಗಿದೆ, ಗುಣವಾಗುವಾಗ ಸಾಕ್ಷಿಯನ್ನೂ ಅಳಿಸಿಕೊಂಡಿದೆ. ಎಲ್ಲರೂ ಸಿಹಿ ತಿನ್ನುವಾಗ ನಾನು ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದೆ.

ಹೌದು ಎನ್ನಲಾರೆ, ಅಲ್ಲ ಎನ್ನಲೂ ಆರೆ. ಅಲ್ಲ ಎಂದು ಸುಳ್ಳು ಬರೆದು ನಿನಗೆ ನೆಮ್ಮದಿ ಕೊಡೋಣವೆಂದು ಕೂತೆ. ಬರೆದೆ, ಹರಿದೆ. ದಿನಗಳು ಹೋದದ್ದು ಹಾಗೆ.

ಬಿಸಿಲಿನಲ್ಲಿ ಹೊರೆ ಹೊತ್ತ ಬಸುರಿಗೆ ಬಾಯಾರಿತ್ತು, ಅವಳು ನೀರು ಕುಡಿದಳು. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆ ಹೆಲಿಕಾಪ್ಟರ್ ಕಳಿಸಿದವರಲ್ಲಿ ಒಬ್ಬರಾದರೂ ಆ ಪ್ರಶ್ನೆಯನ್ನು ನಿನ್ನ ಹಾಗೆ ಇಷ್ಟು ವರ್ಷ ಕೇಳಿಕೊಂಡಿದ್ದಾರೆ ಎಂದು ನಾನು ನಂಬುವುದಿಲ್ಲ.

ಇನ್ನು ನಿನ್ನನ್ನೇ ನೀನು ಕೇಳಿಕೊಳ್ಳಬೇಡ. ತಡೆಯಲಾಗದಿದ್ದರೆ ನನ್ನನ್ನು ಕೇಳು, ಎಷ್ಟು ಸಲ ಬೇಕಾದರೂ ಕೇಳು. ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಇನ್ನೊಮ್ಮೆ ಮುಖ ತಿರುಗಿಸುವುದಿಲ್ಲ.