ಸರದಾರ ಹೋರಿಯ ತೇಗು

ಹೊಸಕಾವಲು ಹಟ್ಟಿ
ಹದಿಮೂರನೆಯ ತಿಂಗಳ ಏಳನೇ ದಿನ, ೨೧೯೦

ಕ್ಯಾತಣ್ಣನಿಗೆ,

ನೀನು ನನ್ನ ತಾತನ ಮುತ್ತಾತ. ಆದರೂ ಇದನ್ನು ಬರೆಯುವ ನಾನು ಎಪ್ಪತ್ತು ದಾಟಿದವನು, ಓದುವ ನೀನು ಇನ್ನೂ ಮೀಸೆ ತಿರುವುವ ವಯಸ್ಸಿನವನು. ಆದ್ದರಿಂದ ಏಕವಚನವೇ ಸರಿ. ತಿಂಗಳ ಲೆಕ್ಕ ನೋಡಿ ನಗಬೇಡ. ಬೇಸಿಗೆ ಮುಗಿಯುವುದನ್ನೇ ಮರೆತಾಗ ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಡಬೇಕಾಯಿತು. ಉಳಿಕೆ ತಿಂಗಳು ಎನ್ನುತ್ತೇವೆ. ನಿನಗೆ ತಿಳಿಯದ ಮಾತು ಬಂದರೆ ಕ್ಷಮಿಸು. ಬೈಗುಳ ಮಾತ್ರ ನಿನ್ನ ಕಾಲದವೇ. ನಾನು ಹಟ್ಟಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ್ದೇನೆ, ಆದರೆ ಕಾಗದ ಬರೆಯುವುದರಲ್ಲಿ ಈ ಸುತ್ತಿನಲ್ಲಿ ನನ್ನನ್ನು ಮೀರಿಸಿದವರಿಲ್ಲ.

ನಮ್ಮ ದನಗಳ ಕೊರಳಲ್ಲಿ ಈಗ ಕಂಚಿನ ಗಂಟೆಯಿಲ್ಲ, ತೇಗುಗಂಟೆ ಇದೆ. ಮೆಲುಕು ಹಾಕುವ ಪ್ರಾಣಿ ತೇಗಿದಾಗ ಬಾಯಿಂದ ಬರುವ ಮೀಥೇನ್ ಅನಿಲವನ್ನು ಅದು ಅಳೆಯುತ್ತದೆ. ಅದು ಬಾಲದ ಕಡೆಯಿಂದ ಬರುವುದೆಂದು ಹೇಳಿ ನೀನು ಊರನ್ನೆಲ್ಲ ನಗಿಸಿದೆಯಂತೆ. ಬಹುಪಾಲು ಬರುವುದು ಬಾಯಿಂದ, ನಿನ್ನ ಜಂಬದ ಹಾಗೆ. ಕಣ್ಣಿಗೆ ಕಾಣದ ಆ ಅನಿಲವೂ ಸೇರಿಕೊಂಡೇ ಭೂಮಿಗೆ ಕಂಬಳಿ ಹೊದಿಸಿ ನಮ್ಮನ್ನು ಬೇಯಿಸಿತು. ಬೆಳಗಾದರೆ ಕಡಲಹಿಂಡಿ ಕಲಸುತ್ತೇವೆ, ಅಂದರೆ ಸಮುದ್ರದ ಕೆಂಪು ಪಾಚಿ ಬೆರೆಸಿದ ಹಿಂಡಿ. ಅದನ್ನು ತಿಂದ ದನದ ತೇಗಿನಲ್ಲಿ ಅನಿಲ ಕಡಿಮೆ. ಅದರ ವಾಸನೆಗೆ ಮೊದಲ ವಾರವೆಲ್ಲ ದನಗಳು ನಮ್ಮನ್ನೇ ಒದೆಯುತ್ತವೆ. ಬಲಿತ ಹುಲ್ಲು, ಒಣ ಹುಲ್ಲು ತಿಂದರೆ ತೇಗು ಹೆಚ್ಚೆಂದು ಕುರಿ ಕಾಯುವವರು ಎಳೆ ಹುಲ್ಲಿನ ಕಡೆಗೇ ಮಂದೆ ಹೊಡೆಯುತ್ತಾರೆ. ಹೆಣ್ಣು ನೋಡಲು ಬಂದ ಬೀಗರು ಮೊದಲು ಕೊಟ್ಟಿಗೆಗೆ ಹೋಗಿ ಗಂಟೆಯ ಅಂಕಿ ಓದಿ, ಆಮೇಲೆ ಹುಡುಗಿಯ ಮುಖ ನೋಡುತ್ತಾರೆ. ಕಡಿಮೆ ತೇಗುವ ವಂಶಕ್ಕಷ್ಟೇ ಕರು ಹಾಕುವ ಅಪ್ಪಣೆ.

ನನ್ನ ನೀಲವ್ವನಿಗೆ ಆ ಅಪ್ಪಣೆಯಿಲ್ಲ. ನಿನ್ನ ಸರದಾರ ಹೋರಿಯ ವಂಶದಲ್ಲಿ ಉಳಿದಿರುವ ಕೊನೆಯ ಹಸು ಅವಳು. ತೇಗು ಕಚೇರಿಯಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗಳು ಮಾಳವ್ವ ಬಂದು ಕಾರಣ ಹೇಳಿದಳು.

"ಮಾವ, ನಿಂದು ದೊಡ್ ತೇಗಿನ ವಂಶ. ಮೂಲದ ಹೋರಿ ಜಿಲ್ಲೆಗೇ ಮೊದಲು."

"ಮೊದಲು ಅಂದ್ಮೇಲೆ ಒಳ್ಳೇದೇ ಅಲ್ವೇನೇ" ಎಂದೆ.

"ಆ ಹೋರಿ ಸಾಕಿದವ್ನೂ ಹಂಗೇ ಅನ್ಕಂಡಿದ್ದ. ಕೇಳು" ಎಂದು, ಸರದಾರನ ತೇಗು ಅಳೆದ ದಿನ ಯಂತ್ರ ಹಿಡಿದಿಟ್ಟಿದ್ದ ದನಿಗಳನ್ನು ಕೇಳಿಸಿದಳು.

ಕೇಳಿದೆ, ಕ್ಯಾತಣ್ಣ. ತಳಿಗೆ ಹೋರಿ ಆರಿಸಲು ಬಂದವರು ದಿನವೂ ಹಾಕುವಷ್ಟೇ ಮೇವು ಹಾಕಿ ಎಂದಿದ್ದರು. ನೀನು ದನಗಳ ಪ್ರದರ್ಶನದಲ್ಲಿ ತೂಕಕ್ಕೆ, ಎತ್ತರಕ್ಕೆ, ಕೊಂಬಿನ ಉದ್ದಕ್ಕೆ ಬಹುಮಾನ ಹೊಡೆದು ರೂಢಿಯಾದವನು. ಇಲ್ಲಿಯೂ ದೊಡ್ಡ ಅಂಕಿಗೇ ಪದಕ ಎಂದುಕೊಂಡು ಬೆಳಗಿನಿಂದ ಸರದಾರನಿಗೆ ಒಣ ರಾಗಿಹುಲ್ಲು ತುರುಕಿದೆ.

"ಸಾಕು ಬಿಡಪ್ಪ, ಹೊಟ್ಟೆ ನಗಾರಿ ಆಗೈತೆ" ಎಂದವಳು ನಿನ್ನ ಹೆಂಡತಿ ಸಿರಿಯಕ್ಕ. "ದಿನಾ ಹಾಕೋವಷ್ಟೇ ಹಾಕು ಅಂದವ್ರೆ."

"ನಿಂಗೇನ್ ಗೊತ್ತು, ಸುಮ್ಕಿರು. ಪಕ್ಕದ ಹಟ್ಟಿ ಹೋರಿಗಿಂತ ಒಂದಾದ್ರೂ ಜಾಸ್ತಿ ತೇಗ್ಬೇಕು."

ಸರದಾರ ಯಂತ್ರದ ಗೋದಲಿಗೆ ಮುಖವಿಟ್ಟ, ತೇಗಿದ. ಅಂಕಿ ಕೂಗಿದಾಗ ನೀನು ಸಿಳ್ಳೆ ಹೊಡೆದೆ. ಪಕ್ಕದ ಹಟ್ಟಿಯವರು ಸೋತೆವೆಂದು ಗೊಣಗಿದರು. ಅವರ ಹೋರಿಯ ಸಂತಾನವೇ ಇಂದು ಕಾವಲು ತುಂಬ ಮೇಯುತ್ತಿದೆ. ಅಳತೆಯವರು ಕಡಿಮೆ ತೇಗುವ ಹೋರಿಯೇ ತಳಿಗೆ ಬೇಕಾದದ್ದು ಎಂದು ತಿಳಿಸಿ, ಬೇಕಾದರೆ ಇನ್ನೊಂದು ದಿನ ಅಳೆಯುತ್ತೇವೆ ಎಂದರು. ನೀನು "ಗೆದ್ದವನಿಗೆ ಮೋಸ ಮಾಡ್ತೀರಾ" ಎಂದು ಕೋಲು ಹಿಡಿದು ಅವರನ್ನು ಓಡಿಸಿದೆ. ಹುಲ್ಲು ತುರುಕಿದ್ದನ್ನು ಕ್ಷಮಿಸಿಯೇನು, ಆ ಕೋಲನ್ನು ಕ್ಷಮಿಸಲಾರೆ.

ನೀಲವ್ವನ ಅಂಕಿ ಇಡೀ ಕಾವಲಿನಲ್ಲೇ ಕಡಿಮೆ. ಆದರೆ ಕಾಯ್ದೆ ಹಸುವನ್ನು ಕೇಳುವುದಿಲ್ಲ, ಮೂಲದ ಹೋರಿಯನ್ನು ಕೇಳುತ್ತದೆ. ನಾನು ಎಂತೆಂಥ ಅಧಿಕಾರಿಗಳನ್ನು ಮಾತಿನಲ್ಲೇ ಮಣಿಸಿದವನು, ಮಾಳವ್ವ ಮಣಿಯಲಿಲ್ಲ. "ಆ ಅಂಕಿ ಆವತ್ತೇ ಬೇರೆ ಆಗ್ಬೇಕಿತ್ತು ಮಾವ. ಬೈಯೋದಾದ್ರೆ ಅವನನ್ನ ಬೈ, ನನ್ನ ಯಾಕೆ ಬೈತೀಯ" ಎಂದು ಎದ್ದು ಹೋದಳು. ಅದಕ್ಕೇ ಈ ಕಾಗದ.

ಅಳತೆಯವರ ಗಾಡಿ ಬರುವ ಮುಂಚೆ ಇದು ನಿನ್ನ ಕೈ ಸೇರಬೇಕು. ಸರದಾರನಿಗೆ ದಿನದ ಮೇವು ಹಾಕು, ನೀರು ಕುಡಿಸು, ಬೇಲಿಯಾಚೆ ಹೋಗಿ ಕೂತುಕೋ. ಕೈ ತುರಿಸಿದರೆ ಮಿಕ್ಕ ಹುಲ್ಲನ್ನು ನೀನೇ ತಿನ್ನು. ಒಂದು ಸಲ ಸೋಲು, ಅಯೋಗ್ಯ. ಸಿಳ್ಳೆಯನ್ನು ಪಕ್ಕದ ಹಟ್ಟಿಯವರೇ ಹೊಡೆದುಕೊಳ್ಳಲಿ.

ನೀಲವ್ವ ಬೆದೆಗೆ ಬಂದು ಬೆಳಗಿನಿಂದ ಕೂಗುತ್ತಿದ್ದಾಳೆ. ವಯಸ್ಸು ನೋಡಿದರೆ ಇದೇ ಕೊನೆಯ ಸಲ. ಅವಳನ್ನು ಗೂಟಕ್ಕೆ ಬಿಗಿದವನೂ ನಾನೇ, ಕಾಯ್ದೆ ಹಾಗಿದೆ. ಬೆದೆ ಇಳಿಯುವುದರೊಳಗೆ ಮಾಳವ್ವ ಬಂದು ಅಪ್ಪಣೆ ಇದೆ, ಹಗ್ಗ ಬಿಚ್ಚು ಎನ್ನದಿದ್ದರೆ, ನೀನು ಈ ಕಾಗದ ಓದಿ ಮಡಿಸಿಟ್ಟು ಮತ್ತೆ ಹುಲ್ಲು ತುರುಕಲು ಹೋದೆ ಎಂದು ತಿಳಿಯುತ್ತೇನೆ.

ನಿನ್ನ ವಂಶದವನೆಂದು ಎಲ್ಲೂ ಹೇಳಿಕೊಳ್ಳದ,
ಚಿತ್ತಯ್ಯ