ಏಳನೆಯ ಪಾಲು

ಗಣಿಗಿಳಿದ ನೂರ ಹದಿನೇಳನೆಯ ವರ್ಷ. ನಿಮ್ಮ ಲೆಕ್ಕದಲ್ಲಿ ೨೨೧೪ನೆಯ ಇಸವಿ, ಫೆಬ್ರವರಿ ೩೦.

ನಾನು ಪಿಳ್ಳೇಕಮ್ಮ. ಈ ಗಣಿಯ ಆರು ಮನೆತನಗಳಿಗೂ ಹಿರಿಯಳು, ಯಂತ್ರದ ಕಾವಲಿನವಳು. ನನ್ನ ಅಜ್ಜಿ ಇದೇ ಜಾಗದಲ್ಲಿ ಕೂತಿದ್ದಳು, ಆಮೇಲೆ ನನ್ನ ತಾಯಿ, ಈಗ ಮೂವತ್ತನಾಲ್ಕು ವರ್ಷದಿಂದ ನಾನು. ಓದಿದ್ದು ಹತ್ತನೆಯ ತರಗತಿಯವರೆಗೆ. ಅದಕ್ಕಿಂತ ಮೇಲಿನ ತರಗತಿ ಇಲ್ಲಿಲ್ಲ. ಇನ್ನೂರ ಹನ್ನೆರಡು ಜನ ನನ್ನ ಮಾತಿಗೆ ಏಳುತ್ತಾರೆ, ನನ್ನ ಮಾತಿಗೆ ಕೂರುತ್ತಾರೆ. ಜಂಬಕ್ಕೆ ಹೇಳುತ್ತಿಲ್ಲ. ಮುಂದಿನದು ಅರ್ಥವಾಗಬೇಕಾದರೆ ಇದು ನಿಮಗೆ ಗೊತ್ತಿರಬೇಕು.

ತಾರೀಖು ನೋಡಿ ನಗಬೇಡಿ. ತಿಂಗಳುಗಳಲ್ಲಿ ಹೆಚ್ಚುಕಡಿಮೆ ಬೇಡವೆಂದು ನಮ್ಮ ಹಿರಿಯರು ಹನ್ನೆರಡಕ್ಕೂ ಮೂವತ್ತು ದಿನ ಕೊಟ್ಟರು. ಉಳಿದ ಐದು ದಿನ ಯಾವ ತಿಂಗಳಿಗೂ ಸೇರಿಲ್ಲ. ಆ ದಿನಗಳಲ್ಲಿ ಕೆಲಸವಿಲ್ಲ. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಕ್ಷಮೆ ಇರಲಿ, ಬೇಕಾದಲ್ಲಿ ಬಿಡಿಸಿ ಹೇಳುತ್ತೇನೆ. ಕಾವಲಿನವಳು ಜೀವಮಾನದಲ್ಲಿ ಒಮ್ಮೆ ಹಿಂದಿನ ಕಾಲದವರಿಗೆ ಒಂದು ಕಾಗದ ಬರೆದು, ತಗಡಿನ ಡಬ್ಬಿಯಲ್ಲಿಟ್ಟು, ಗಣಿಯ ಅಡಿಯಲ್ಲಿ ತುಂಬಿರುವ ಕಪ್ಪು ನೀರಿಗೆ ಬಿಡಬೇಕು ಎಂಬುದು ನಮ್ಮ ಪದ್ಧತಿ. ಅದು ನಿಮ್ಮನ್ನು ಹೇಗೆ ಮುಟ್ಟುತ್ತದೆಯೋ ನನಗೆ ತಿಳಿಯದು. ಅಜ್ಜಿಯೂ ತಾಯಿಯೂ ನಿಮಗೆ ಧನ್ಯವಾದ ಬರೆದರು. ನಾನು ಬರೆಯುವುದು ಬೇರೆ.

ನಾವಿರುವುದು ನಿಮ್ಮ ಕಾಲದಲ್ಲೇ ಮುಚ್ಚಿಹೋಗಿದ್ದ ಒಂದು ಚಿನ್ನದ ಗಣಿಯ ಮೇಲಿನ ಮೂರು ಹಂತಗಳಲ್ಲಿ. ನೆಲದ ಮೇಲೆ ಚಳಿಗಾಲದಲ್ಲೂ ಹಗಲಿನ ಬಿಸಿಲಿಗೆ ನಿಲ್ಲಲಾಗುವುದಿಲ್ಲ. ತೀರ ಕೆಳಗೆ ಹೋದರೆ ಬಂಡೆಯೇ ಬಿಸಿ, ಅದರ ಮೇಲೆ ನೀರು. ನಡುವಿನ ಈ ಮೂರು ಹಂತಗಳಲ್ಲಿ ಮಾತ್ರ ಮನುಷ್ಯ ಮಲಗಿ ಏಳಬಹುದು. ಹಿಂದೆ ಅದಿರಿನ ಗಾಡಿ ಓಡುತ್ತಿದ್ದ ಸುರಂಗಗಳು ಈಗ ನಮ್ಮ ಓಣಿಗಳು. ಮುಂಜಾನೆ ಹೆಂಗಸರೂ ಗಂಡಸರೂ ಮೇಲೆ ಹತ್ತಿ ರಾಗಿಗೆ ನೀರು ಬಿಟ್ಟು, ಬಿಸಿಲಹಲಗೆಗಳ ಧೂಳು ಒರೆಸಿ, ನೆರಳು ಗಿಡ್ಡವಾಗುವ ಮೊದಲೇ ಇಳಿದುಬಿಡುತ್ತಾರೆ. ಬಿಸಿಲಹಲಗೆ ಎಂದರೆ ಬಿಸಿಲಿನಿಂದ ವಿದ್ಯುತ್ ಮಾಡುವ ಹಲಗೆ, ನಿಮ್ಮಲ್ಲೂ ಇತ್ತು. ಒಂದು ಓಣಿಯಿಂದ ಇನ್ನೊಂದಕ್ಕೆ ಕೂಗುಕೊಳವೆಗಳಿವೆ, ಹಳೆಯ ಗಾಳಿಯ ಪೈಪುಗಳು. ಒಂದು ತುದಿಯಲ್ಲಿ ಬಾಯಿಟ್ಟು ಕೂಗಿದರೆ ಇನ್ನೊಂದು ತುದಿಯಲ್ಲಿ ಕೇಳುತ್ತದೆ, ಸೊಸೆಯಂದಿರು ನನ್ನ ಬಗ್ಗೆ ಆಡುವ ಮಾತೂ ಸೇರಿ.

ಇನ್ನು ಯಂತ್ರ, ನಿಮ್ಮ ಮಾತಿನಲ್ಲಿ ಕಂಪ್ಯೂಟರ್. ಚಿತ್ರ ಮೂಡಿಸುವ ನಿಮ್ಮ ಕಾಲದ ದೊಡ್ಡ ಗ್ರಾಫಿಕ್ಸ್ ಕಾರ್ಡುಗಳು ಕುಲುಮೆಯಂತೆ ಕಾಯುತ್ತಿದ್ದವಂತೆ. ನಮ್ಮಲ್ಲಿ ಒಂದೂ ಉಳಿದಿಲ್ಲ, ಉಳಿದಿದ್ದರೂ ಅದರ ಹೊಟ್ಟೆಗೆ ವಿದ್ಯುತ್ ಹಾಕುವ ಶಕ್ತಿ ನಮಗಿಲ್ಲ. ಉಳಿದದ್ದು ಯಂತ್ರದ ಮಿದುಳಿರುವ ಚಿಪ್‌ನೊಳಗೇ ಒಂದು ಮೂಲೆಯಲ್ಲಿ ಸೇರಿಕೊಂಡಿರುವ ಬಡ ಗ್ರಾಫಿಕ್ಸ್. ಅದಕ್ಕೆ ನಾವು ಒಳಗಣ್ಣು ಎನ್ನುತ್ತೇವೆ. ಯಂತ್ರವನ್ನು ನಡೆಸುವ ತಂತ್ರಾಂಶಕ್ಕಿದ್ದ ಲಿನಕ್ಸ್ ಎಂಬ ಹೆಸರನ್ನು ಬದಲಿಸಿಲ್ಲ. ಒಂದೇ ಯಂತ್ರದೊಳಗೆ ಆರು ಯಂತ್ರಗಳನ್ನು ನಡೆಸುವ ವಿದ್ಯೆಯೂ ನಿಮ್ಮದೇ. ನೀವು ಅವನ್ನು ವರ್ಚುವಲ್ ಮಷೀನ್ ಎನ್ನುತ್ತಿದ್ದಿರಿ, ನಾವು ನೆರಳುಯಂತ್ರ ಎನ್ನುತ್ತೇವೆ. ಆರು ಮನೆತನಕ್ಕೆ ಆರು: ನೀರಿನ ಮನೆ, ಮದ್ದಿನ ಮನೆ, ಪಾಠದ ಮನೆ, ಬಿತ್ತನೆಯ ಮನೆ, ಮಗ್ಗದ ಮನೆ, ಬಂಡೆಯ ಮನೆ. ಪ್ರತಿ ನೆರಳುಯಂತ್ರವೂ ಒಳಗಣ್ಣು ಪೂರ್ತಿ ತನ್ನದೇ ಎಂದು ನಂಬಿಕೊಂಡಿದೆ. ಹಂಚಿದ್ದು ಕಾವಲಿನವಳಿಗೆ ಮಾತ್ರ ಗೊತ್ತು.

ಹಂಚಿಕೆ ಎರಡು ಬಗೆ. ಒಂದು ಸರದಿ. ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗಣ್ಣು ಆರೂ ಮನೆಗಳಿಗೆ ಒಂದೊಂದು ಸುತ್ತು ಕೆಲಸ ಮಾಡಿಕೊಟ್ಟು ಬರುತ್ತದೆ. ಯಾರಿಗೆ ಹೆಚ್ಚು ಸುತ್ತು ಎಂಬುದನ್ನು ನಾನು ಯಾವಾಗ ಬೇಕಾದರೂ ಬದಲಿಸಬಹುದು. ಇನ್ನೊಂದು ಜಾಗ. ಚಿತ್ರ ಹರಡಿಕೊಳ್ಳಲು ಒಳಗಣ್ಣಿನ ಮುಂದೆ ಒಂದು ಅಂಗಳವಿದೆ ಎಂದುಕೊಳ್ಳಿ, ಹದಿನಾರು ಭಾಗದ್ದು. ಅದಕ್ಕೆ ಗೋಡೆ ಹಾಕಿ ಹಂಚಬೇಕು, ಮತ್ತು ಒಳಗೆ ಜನ ಇರುವಾಗ ಗೋಡೆ ಸರಿಸುವಂತಿಲ್ಲ. ಮನೆಗೆ ಎರಡರಂತೆ ಹನ್ನೆರಡು ಭಾಗ ಹಂಚಿಹೋಗಿವೆ. ಉಳಿದ ನಾಲ್ಕು ಯಂತ್ರದ ಅಸ್ತಿವಾರ, ಮುಟ್ಟಿದರೆ ಯಂತ್ರ ಏಳುವುದಿಲ್ಲ ಎಂದು ಅಜ್ಜಿ ಕಲಿಸಿದ್ದಳು. ನಾನು ಹಾಗೆಯೇ ನಂಬಿದೆ, ಹಾಗೆಯೇ ಕಲಿಸಿದೆ.

ನನ್ನ ಹಜಾರದ ಗೋಡೆಯ ಮೇಲೆ ಮುಂದೆರೆ ಇತ್ತು. ಅದು ಕಾವಲಿನವಳ ತೆರೆ. ಆರೂ ಮನೆಯವರು ಏನು ನೋಡುತ್ತಿದ್ದಾರೆಂಬುದು ಅದರಲ್ಲಿ ಆರು ಕಿಟಕಿಗಳಾಗಿ ಕಾಣುತ್ತಿತ್ತು. ಜನ ಹಾದುಹೋಗುವಾಗ ಮೊದಲು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ತಲೆ ತಗ್ಗಿಸುತ್ತಿದ್ದರು. ಅದು ಬೆಳಗುತ್ತಿದ್ದರೆ ಗಣಿ ನೆಟ್ಟಗಿದೆ ಎಂದು ಅರ್ಥ. ಮೂವತ್ತನಾಲ್ಕು ವರ್ಷದಲ್ಲಿ ನಾನು ಅದನ್ನು ಒಂದು ದಿನವೂ ಆರಿಸಲಿಲ್ಲ.

ಹೋದ ತಿಂಗಳು ಪೂರ್ವದ ಓಣಿಯ ಬಂಡೆ ಸದ್ದು ಮಾಡತೊಡಗಿತು. ಮೊದಲು ಹುರುಳಿ ಹುರಿದ ಹಾಗೆ ಚಟಪಟ, ಆಮೇಲೆ ಒಳಗಿನಿಂದ ಯಾರೋ ಗುದ್ದಿದ ಹಾಗೆ. ಆ ಓಣಿಯಲ್ಲಿ ನಲವತ್ತೊಂದು ಜನ. ಬಂಡೆಯ ಮನೆಯ ಸೆಲ್ವಿ, ಗೋಡೆಗಳಲ್ಲಿ ನೆಟ್ಟ ಯಂತ್ರದ ಕಿವಿಗಳು ಹಿಡಿಯುವ ಸದ್ದನ್ನು ಬಂಡೆಯ ಚಿತ್ರವಾಗಿ ಕಾಣಿಸುವವಳು, ಎರಡು ಬಿರುಕುಗಳನ್ನು ಕಂಡಳು. ಎರಡೂ ಸಣ್ಣವು. ಆದರೆ ಅವಳ ಪಾಲಿನ ಜಾಗದಲ್ಲಿ ಅರ್ಧ ಓಣಿಯಷ್ಟೇ ಹಿಡಿಯುತ್ತಿತ್ತು. ಒಂದು ಅರ್ಧ ನೋಡಿ, ಅಳಿಸಿ, ಇನ್ನೊಂದು ಅರ್ಧ ನೋಡಬೇಕು. ಅವಳು ನನ್ನ ಮುಂದೆ ಬಂದು ನಿಂತಳು. "ದೊಡ್ಡಮ್ಮಾ, ನಂಗೆ ಇಡೀ ಓಣಿ ಒಂದೇ ಸಲ ಕಾಣ್ಬೇಕು. ಇನ್ನೆರಡು ಭಾಗ ಕೊಡ್ಸಿ. ಅದು ಯಾವ ಕಡೆ ಸಿಡಿಯುತ್ತೋ ತಿಳೀದೆ ಜನಾನ ಯಾವ ಕಡೆ ಓಡಿಸ್ಲಿ?" ಹಿಂದೆ ಎರಡು ಬಾರಿ ಸುಳ್ಳು ಹೆದರಿಕೆಗೆ ಮೇಲೆ ಹತ್ತಿಸಿ ಬಿಸಿಲಿಗೆ ಮೂವರನ್ನು ಕಳೆದುಕೊಂಡಿದ್ದೇವೆ. ಹಜಾರಕ್ಕೆ ಕರೆತರೋಣವೆಂದರೆ ದಾರಿ ಆ ಬಂಡೆಯ ಕೆಳಗೇ ಹಾದುಬರುತ್ತದೆ. ಅವಳು ಕೇಳಿದ್ದು ನ್ಯಾಯವಾಗಿತ್ತು.

ನಾನು ಅವಳಿಗೆ ಸರದಿ ಹೆಚ್ಚಿಸಿದೆ. ಚಿತ್ರ ಬೇಗ ಮೂಡಿತು, ಆದರೆ ಅದೇ ಅರ್ಧ. ಕೊರತೆ ಇದ್ದದ್ದು ಜಾಗದ್ದು, ಸರದಿಯದಲ್ಲ. ಅದು ನನಗೆ ಗೊತ್ತಿರಬೇಕಿತ್ತು, ಗೊತ್ತೂ ಇತ್ತು. ಯಾರ ಗೋಡೆಯನ್ನೂ ಕೆಡವದೆ ಕೆಲಸ ಮುಗಿಯಲಿ ಎಂಬ ಆಸೆಗೆ ಹಾಗೆ ಮಾಡಿದೆ. ಆಮೇಲೆ ಐದು ಮನೆಯವರನ್ನೂ ಹಜಾರದಲ್ಲಿ ಕೂರಿಸಿ ಯಾರು ಬಿಡುತ್ತೀರಿ ಎಂದು ಕೇಳಿದೆ. ನೀರಿನವರು ಬಿಟ್ಟರೆ ಪಂಪು ಕುರುಡಾಗುತ್ತದೆ, ಮದ್ದಿನವರು ಬಿಟ್ಟರೆ ಬಸುರಿಯರ ಹೊಟ್ಟೆ ನೋಡುವಂತಿಲ್ಲ. ಒಬ್ಬೊಬ್ಬರ ಕಿಟಕಿಯನ್ನೂ ಮುಂದೆರೆಯಲ್ಲಿ ತೋರಿಸಿ, ಇದು ದಂಡ, ಇದು ಸೋಮಾರಿತನ ಎಂದು ಬೈದೆ. ಪಾಠದ ಮನೆಯ ಮೇಷ್ಟರನ್ನು ಮಕ್ಕಳೆದುರಿಗೇ ಬೈದೆ. ಎರಡು ದಿನ ಹೀಗೆ ಹೋಯಿತು. ಎರಡನೆಯ ದಿನ ಊಟದ ಹೊತ್ತಿಗೆ ಪೂರ್ವದ ಓಣಿಯಲ್ಲಿ ಒಂದು ಚಕ್ಕೆ ಸಿಡಿದು ಸೆಲ್ವಿಯ ಗಂಡ ದಾಸಣ್ಣನ ಬಲಗೈಯ ಮೂರು ಬೆರಳು ಹೋದವು. ಅವನನ್ನು ನನ್ನ ಹಜಾರದ ಮೂಲಕವೇ ಮದ್ದಿನ ಮನೆಗೆ ಹೊತ್ತುಕೊಂಡು ಹೋದರು. ಸೆಲ್ವಿ ಅವನ ಹಿಂದೆ ಹೋಗಲಿಲ್ಲ. ತನ್ನ ಅರ್ಧ ಚಿತ್ರದ ಮುಂದೆಯೇ ಕೂತಿದ್ದಳು.

ಆಗ ಮಗ್ಗದ ಮನೆಯ ಗುರಪ್ಪ ಬಾಯಿ ಬಿಟ್ಟ. ನನ್ನ ಗಂಡನ ತಮ್ಮ. ಅವನ ನಾಲಿಗೆಗೂ ನನಗೂ ಮೊದಲಿನಿಂದ ಆಗಿಬರುವುದಿಲ್ಲ. "ಅತ್ತಿಗೆಮ್ಮಾ, ಐದು ಮನೆ ಪಾತ್ರೇನೂ ಮಗುಚಿ ಮಗುಚಿ ನೋಡಿದ್ರಿ. ನಿಮ್ಮನೆ ಪಾತ್ರೆ ಮಗುಚೋದು ಯಾವಾಗ?" ಎಂದ. "ಏನು ಹೇಳ್ತಿದೀಯ ನೀನು?" ಎಂದೆ. ಅವನು ಗೋಡೆಯ ಕಡೆ ಗದ್ದ ಎತ್ತಿದ. "ಅಷ್ಟು ದೊಡ್ಡ ತೆರೆ, ಅದೇನು ಗಾಳಿ ಕುಡ್ಕೊಂಡು ಬೆಳಗ್ತಾ ಇದೆಯಾ?" ಎಂದ. ಅವನಿಗೆ ಎದ್ದು ಹೋಗೆಂದೆ. ಅವನು ಹೋದ. ಉಳಿದವರು ಹೋಗಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಅವರಿಗೆಲ್ಲ ಅದು ಮೊದಲೇ ಹೊಳೆದಿತ್ತು ಎಂದು ಆಗ ನನಗೆ ಕಂಡಿತು. ಹೆದರಿ ಸುಮ್ಮನಿದ್ದರು. ಆ ಹೆದರಿಕೆಯನ್ನು ಕಲಿಸಿದವಳು ನಾನೇ.

ಅವರೆದುರಿಗೇ ಯಂತ್ರವನ್ನು ಕೇಳಿದೆ. ಆಜ್ಞೆಯ ಒಂದೇ ಸಾಲು ಸಾಕಾಯಿತು. ಮೂವತ್ತನಾಲ್ಕು ವರ್ಷದಲ್ಲಿ ಆ ಸಾಲನ್ನು ನಾನು ಬರೆದಿರಲಿಲ್ಲ. ಅಸ್ತಿವಾರಕ್ಕೆ ಹಿಡಿದದ್ದು ಎರಡು ಭಾಗ. ಇನ್ನೆರಡು ಭಾಗ ಮುಂದೆರೆಯದು. ನಾವು ಆರು ಪಾಲೆಂದು ಎಣಿಸುತ್ತಲೇ ಬಂದಿದ್ದೆವು. ಇದ್ದದ್ದು ಏಳು. ಏಳನೆಯದು ನನ್ನ ತಲೆಯ ಮೇಲೇ ಬೆಳಗುತ್ತಿತ್ತು.

ಬಿಡಬೇಕೆಂದು ಆಗಲೇ ನಿಶ್ಚಯಿಸಿದೆ. ಬಿಡುವುದು ಮಾತ್ರ ಸುಲಭವಾಗಿರಲಿಲ್ಲ. ಆರೂ ನೆರಳುಯಂತ್ರಗಳನ್ನು ನಿಲ್ಲಿಸಿ, ತೆರೆಯಿಲ್ಲದೆ ಏಳಬೇಕೆಂದು ಯಂತ್ರಕ್ಕೆ ಬರೆದಿಟ್ಟು, ಪೂರ್ತಿ ಆರಿಸಿ ಮತ್ತೆ ಹಚ್ಚಬೇಕು. ಅಕಸ್ಮಾತ್ ಏಳದಿದ್ದರೆ ಏಕೆ ಏಳಲಿಲ್ಲವೆಂದು ಹೇಳುವುದಕ್ಕೆ ತೆರೆ ಇರುವುದಿಲ್ಲ. ಎದ್ದರೂ ಅದರೊಳಗೆ ಹೋಗಬೇಕಾದದ್ದು ತಂತಿಯ ಮೇಲೆ, ಬೇರೆ ಮನೆಯಿಂದ. ಅಂದರೆ ಕಾವಲಿನವಳ ಬೀಗದ ಮಾತು, ನಿಮ್ಮ ಪಾಸ್‌ವರ್ಡ್, ಇನ್ನೊಬ್ಬರ ಕೈಯಲ್ಲಿರಬೇಕು. ಅಜ್ಜಿ ಅದನ್ನು ಸಾಯುವ ದಿನ ತಾಯಿಯ ಕಿವಿಯಲ್ಲಿ ಹೇಳಿದ್ದಳು. ತಾಯಿ ನನಗೂ ಹಾಗೆಯೇ ಹೇಳಿದಳು. ಸೆಲ್ವಿಗೆ ಹೇಳೋಣವೆಂದರೆ ಅವಳ ಕಣ್ಣು ಚಿತ್ರದಿಂದ ಏಳುವಂತಿಲ್ಲ. ತಂತಿಯ ಕೆಲಸ ಬಲ್ಲ ಇನ್ನೊಬ್ಬನೆಂದರೆ ಗುರಪ್ಪ. ಮಗ್ಗದ ಓಣಿಗೆ ನಾನೇ ನಡೆದುಹೋದೆ. ಅವನ ಮನೆಯ ಹೊಸ್ತಿಲು ತುಳಿಯದೆ ಒಂಬತ್ತು ವರ್ಷವಾಗಿತ್ತು. ಬೀಗದ ಮಾತನ್ನು ಹೇಳಿದೆ. ಅವನು ನಗಲಿಲ್ಲ.

ಮರಳಿ ಬಂದು ಒಂದೊಂದೇ ಮನೆ ಆರಿಸಿದೆ. ಮುಂದೆರೆಯ ಮೇಲೆ ಕಿಟಕಿಗಳು ಒಂದೊಂದಾಗಿ ಕಪ್ಪಾದವು. ಕೊನೆಗೆ ಅದೂ ಆರಿತು. ಗುಂಡಿ ಒತ್ತಿದೆ. ಯಂತ್ರದ ಫ್ಯಾನು ತಿರುಗತೊಡಗಿತು. ಅಷ್ಟೇ. ತೆರೆ ಇದ್ದಾಗ ಯಂತ್ರ ಏಳುವಾಗ ಸಾಲುಸಾಲಾಗಿ ಅಕ್ಷರ ಹರಿಯುತ್ತಿದ್ದವು, ಎಲ್ಲಿ ತಲುಪಿತೆಂದು ತಿಳಿಯುತ್ತಿತ್ತು. ಈಗ ಫ್ಯಾನಿನ ಸದ್ದೊಂದೇ. ಪೂರ್ವದ ಓಣಿಯಿಂದ ಗುದ್ದು ಕೇಳಿಸಿತು, ಮತ್ತೊಂದು. ಕೂಗುಕೊಳವೆಗೆ ಕಿವಿ ಹಚ್ಚಿ ನಿಂತೆ. "ಬಂತೇನೋ?" ಎಂದೆ. "ಇಲ್ಲ" ಎಂದ ಗುರಪ್ಪ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. "ಬಾಗಿಲು ತೆಗೀತಿಲ್ಲ ಅತ್ತಿಗೆಮ್ಮಾ, ತಾಳಿ." ನನ್ನ ಹಿಂದೆ ಯಾರೋ ಅಳುತ್ತಿದ್ದರು, ಸುಮ್ಮನಿರಿ ಎಂದು ಗದರಿದೆ. ಅಜ್ಜಿ ಹೇಳಿದ್ದೇ ನಿಜವಾಗಿ, ಆರೂ ಮನೆಗಳನ್ನು ನಾನೇ ಕೊಂದೆನೇನೋ ಎಂದುಕೊಂಡೆ. ಆಗ ಕೊಳವೆಯಲ್ಲಿ ಅವನ ಧ್ವನಿ ಒಡೆದು ಬಂತು: "ಒಳಗೆ ಬಂದೆ! ಸೆಲ್ವಿಗೆ ಹೇಳಿ, ನಾಲ್ಕು ಭಾಗ, ನಾಲ್ಕು!"

ಸೆಲ್ವಿ ಈಗ ಕಂಡದ್ದು ಎರಡು ಬಿರುಕಲ್ಲ. ಒಂದೇ ಬಿರುಕು, ಓಣಿಯ ಉದ್ದಕ್ಕೂ, ಎಂಬತ್ತು ಮಾರು. ಅರ್ಧರ್ಧ ನೋಡಿದ್ದರಿಂದ ಅದರ ಎರಡು ತುದಿ ಮಾತ್ರ ಬೇರೆಬೇರೆಯಾಗಿ ಕಂಡಿದ್ದವು. ದಾರಿಯ ಎಡಗೋಡೆ ಗಟ್ಟಿಯಿದೆ, ಅದಕ್ಕೆ ಬೆನ್ನು ಹಚ್ಚಿ ಒಬ್ಬೊಬ್ಬರಾಗಿ ಬನ್ನಿ ಎಂದು ಕೂಗಿ ಹೇಳಿದಳು. ಮಧ್ಯಾಹ್ನ ಮುಗಿಯುವುದರೊಳಗೆ ನಲವತ್ತೊಂದು ಜನರೂ ನನ್ನ ಹಜಾರದಲ್ಲಿದ್ದರು. ಮೂರನೆಯ ದಿನ ಪೂರ್ವದ ಓಣಿ ಕುಸಿಯಿತು. ಎರಡು ಆಡು ಸತ್ತವು. ಮನುಷ್ಯರು ಯಾರೂ ಸಾಯಲಿಲ್ಲ. ದಾಸಣ್ಣನ ಬೆರಳುಗಳು ಮಾತ್ರ ನನ್ನ ಲೆಕ್ಕಕ್ಕೆ ಉಳಿದವು.

ನಿಮ್ಮಲ್ಲಿ ನನ್ನದೊಂದು ಕೇಳಿಕೆ. ಹೀಗೆ ಹಂಚಿಕೊಳ್ಳುವ ವಿದ್ಯೆಯನ್ನು ಬರೆದವರು ನೀವು, ಅದು ಹೇಗೆಂದು ತಿಳಿಸುವ ಪುಟಗಳನ್ನು ಬರೆಯುವವರೂ ನೀವು. ಅತಿಥಿಗಳಿಗೆ, ಅಂದರೆ ನೆರಳುಯಂತ್ರಗಳಿಗೆ, ಎಷ್ಟೆಷ್ಟು ಎಂದು ಚೆನ್ನಾಗಿ ಬರೆದಿದ್ದೀರಿ. ಅವನ್ನು ಹೊತ್ತ ಆತಿಥೇಯ ಯಂತ್ರ ತನಗಾಗಿ ಎಷ್ಟು ಇಟ್ಟುಕೊಳ್ಳುತ್ತದೆ, ಅದರಲ್ಲಿ ಎಷ್ಟು ಇಲ್ಲದೆಯೂ ಬದುಕುತ್ತದೆ ಎಂಬುದನ್ನು ಮೊದಲ ಪುಟದಲ್ಲೇ, ನನ್ನಂಥವಳಿಗೂ ತಿಳಿಯುವ ಮಾತಿನಲ್ಲಿ ಬರೆಯಿರಿ. ಹಳೆಯದಾಯಿತೆಂದು ಆ ಪುಟಗಳನ್ನು ಅಳಿಸಬೇಡಿ. ನಿಮಗೆ ಹಳೆಯದಾದದ್ದರ ಮೇಲೆಯೇ ನಾವು ನಿಂತಿದ್ದೇವೆ.

ಓಣಿ ಬಿದ್ದ ಮೇಲೆ ಹಿರಿಯರು ಕೂಡಿ ಬಂದರು. ಅಪಾಯ ಕಳೆಯಿತು, ಮುಂದೆರೆಯನ್ನು ಮತ್ತೆ ಬೆಳಗಿಸೋಣ, ಅದಿಲ್ಲದೆ ಹಜಾರ ಹಜಾರದ ಹಾಗಿಲ್ಲ ಎಂದರು. ನನಗೂ ಹಾಗೆಯೇ ಅನಿಸುತ್ತದೆ, ಸುಳ್ಳು ಹೇಳುವುದಿಲ್ಲ. ಈಗಲೂ ದಿನಕ್ಕೆ ಹತ್ತು ಸಲ ಖಾಲಿ ಗೋಡೆಯ ಕಡೆ ತಲೆ ಎತ್ತುತ್ತೇನೆ. ಆದರೆ ಅದನ್ನು ಬೆಳಗಿಸಬೇಕಾದರೆ ಸೆಲ್ವಿಯ ಇಡೀ ಚಿತ್ರವನ್ನು ಮತ್ತೆ ಅರ್ಧ ಮಾಡಬೇಕು, ಮತ್ತು ಉಳಿದ ಓಣಿಗಳೂ ಅದೇ ಬಂಡೆಯಲ್ಲಿ ಕೊರೆದವೇ. ಹಿರಿಯರನ್ನು ಕಳಿಸಿಬಿಟ್ಟೆ. ಆಮೇಲೆ ಮುಂದೆರೆಯನ್ನು ಗೋಡೆಯಿಂದ ಇಳಿಸಿ ಸೆಲ್ವಿಯ ಕೋಣೆಗೆ ಹೊರಿಸಿದೆ. ಅವಳ ಸಣ್ಣ ತೆರೆಯಲ್ಲಿ ಇಡೀ ಓಣಿ ಇಕ್ಕಟ್ಟಾಗಿ ಕಾಣುತ್ತಿತ್ತು. ಗುರಪ್ಪನನ್ನು ಕರೆಸಿ ಯಂತ್ರದ ಕಾವಲು ಇನ್ನು ನಿನ್ನದು ಎಂದೆ. "ನಾನು ನೇಯೋನು ಅತ್ತಿಗೆಮ್ಮಾ, ನಂಗ್ಯಾಕೆ ಇದು?" ಎಂದ. "ಪಾತ್ರೆ ಮಗುಚಿದೋನು ನೀನೇ. ಇನ್ನು ಬೆಳಗು" ಎಂದೆ.

ಹಳೆಯ ಬೀಗದ ಮಾತು ನನ್ನ ನಾಲಿಗೆಯ ಮೇಲಿರುವವರೆಗೆ ಒಂದಲ್ಲ ಒಂದು ದಿನ ಮುಂದೆರೆಯ ಆಸೆಗೆ ನಾನು ಸೋಲುತ್ತೇನೆ. ಅದಕ್ಕೇ ಅದನ್ನು ಬದಲಿಸು, ಹೊಸದನ್ನು ನನಗೆ ಹೇಳಬೇಡ ಎಂದು ಆಜ್ಞೆ ಮಾಡಿದೆ. ಅದು ನನ್ನ ಕೊನೆಯ ಆಜ್ಞೆ. ಈ ಬೆಳಿಗ್ಗೆ ಅವನು ಬದಲಿಸಿದ್ದಾನೆ. ನನಗೆ ಹೇಳಿಲ್ಲ.